ಗಂಡ ಹೆಂಡತಿ ಸೇರಿ ಮಾಡುವ ನಿಯೋ-ಸೋಲ್: ಸಂಸಾರದ ಹಾಡು ಯಾರಿಗೆ ಬೇಕು?

ಹಳೆ_ಕ್ಯಾಸೆಟ್
ಕಿಂಡ್ರೆಡ್ ದ ಫ್ಯಾಮಿಲಿ ಸೋಲ್ ಇಲ್ಲಿ ಯಾರಾದರೂ ಕೇಳುತ್ತೀರಾ? ಸೋಲ್ ಅಂದರೆ ಅಮೆರಿಕದ ಕಪ್ಪು ಜನರ ಚರ್ಚು ಹಾಡಿನಿಂದ ಬೆಳೆದ ಸಂಗೀತ, ನಿಯೋ-ಸೋಲ್ ಅದರ ಈಚಿನ ರೂಪ. ಇವರು ಅಮೆರಿಕದ ಫಿಲಡೆಲ್ಫಿಯಾದ ಜೋಡಿ, ಫಾತಿನ್ ಡ್ಯಾಂಟ್ಸ್‌ಲರ್ ಮತ್ತು ಏಜಾ ಗ್ರೇಡನ್. ಗಂಡ ಹೆಂಡತಿ. ಮೊದಲ ಆಲ್ಬಮ್ 'ಸರೆಂಡರ್ ಟು ಲವ್' 2003ರಲ್ಲಿ ಬಂತು. ಅದರಲ್ಲಿ 'ಫಾರ್ ಅವೇ' ಅಂತ ಒಂದು ಹಾಡಿದೆ, ಈಚೆಗೆ ಅದನ್ನೇ ಕೇಳುತ್ತಿದ್ದೇನೆ. ದಿನನಿತ್ಯದ ತಲೆನೋವು ಬಿಟ್ಟು ಎಲ್ಲಾದರೂ ದೂರ ಹೋಗೋಣ ಅನ್ನುವ ಹಾಡು. ಪ್ರೇಮಿಗಳು ಮನೆ ಬಿಟ್ಟು ಓಡಿಹೋಗುವ ಥರ ಅಲ್ಲ. ಸುಸ್ತಾದ ಗಂಡ ಹೆಂಡತಿಗೆ ಒಂದು ರಜೆ ಬೇಕು, ಅಷ್ಟೇ.

ನನ್ನ ಗೆಳೆಯನೊಬ್ಬ ಇದನ್ನು ಕೇಳಿ ನಕ್ಕುಬಿಟ್ಟ. ಅವನ ಪ್ರಕಾರ ಸೋಲ್ ಅಂದರೆ ವಿರಹ, ಕದ್ದು ಭೇಟಿ, ಬಿಟ್ಟುಹೋದವಳು. ಕರೆಂಟ್ ಬಿಲ್ ಕಟ್ಟುವವರ ಹಾಡು ಯಾರಿಗೆ ಬೇಕು ಅಂತಾನೆ. ಅದೇ ಊರಿನ ಜಿಲ್ ಸ್ಕಾಟ್, ಮ್ಯೂಸಿಕ್ ಸೋಲ್‌ಚೈಲ್ಡ್ ಥರದ ಗಾಯಕರೆಲ್ಲ ಎಲ್ಲಿಗೋ ಏರಿದರು, ಇವರು ಅಷ್ಟಕ್ಕೇ ನಿಂತರು, ಕಾರಣ ಇದೇ ಅಂತ ಅವನ ವಾದ. ನಿಮಗೇನು ಅನ್ನಿಸುತ್ತದೆ? ಮತ್ತೆ ಇಂಥ ಜೋಡಿಗಳು ಬೇರೆ ಯಾರಿದ್ದಾರೆ?

ಸುಮ್ನೆ_ಓದೋನು
ನಿಮ್ಮ ಗೆಳೆಯನಿಗೆ ಇನ್ನೂ ಮದುವೆ ಆಗಿಲ್ಲ, ಅಲ್ವಾ?

ಹಳೆ_ಕ್ಯಾಸೆಟ್
@ಸುಮ್ನೆ_ಓದೋನು ಆಗಿದೆ ಗುರು, ಅದೇ ಸಮಸ್ಯೆ.

ಜರ್ಸಿ_ಗೌಡ್ತಿ
ನಾನು ಫಿಲಡೆಲ್ಫಿಯಾಕ್ಕೆ ನದಿ ದಾಟಿದರೆ ಸಿಗುವ ಕಡೆ ಇರುವವಳು. ನಿಮ್ಮ ಗೆಳೆಯ ಹೇಳುವುದು ಪೂರ್ತಿ ಸುಳ್ಳಲ್ಲ. ಆ ಊರಿನ ದೊಡ್ಡ ಹಿಟ್‌ಗಳಲ್ಲಿ ಒಂದು 'ಮಿ ಆಂಡ್ ಮಿಸೆಸ್ ಜೋನ್ಸ್', 1972ರದ್ದು, ಗ್ಯಾಂಬಲ್ ಮತ್ತು ಹಫ್ ಅನ್ನುವವರ ರೆಕಾರ್ಡ್ ಕಂಪನಿಯದು, ಬಿಲ್ಲಿ ಪಾಲ್ ಹಾಡಿದ್ದು. ಇಡೀ ಹಾಡು ಇನ್ನೊಬ್ಬರ ಹೆಂಡತಿಯನ್ನು ಕದ್ದು ಭೇಟಿ ಮಾಡುವುದರ ಬಗ್ಗೆ. ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಸ್ವಂತ ಹೆಂಡತಿ ಬಗ್ಗೆ ಬರೆದಿದ್ದರೆ ಹೋಗುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಆದರೆ 'ಅಷ್ಟಕ್ಕೇ ನಿಂತರು' ಅನ್ನುವುದು ಸರಿ ಇಲ್ಲ. 2003, 2005, 2008, 2011, 2014, 2016, 2021 ಅಂತ ಆಲ್ಬಮ್ ಮಾಡುತ್ತಲೇ ಬಂದಿದ್ದಾರೆ. ಆರು ಮಕ್ಕಳು ಬೇರೆ. ಆರು! ನನಗೆ ಇಬ್ಬರನ್ನು ಸ್ಕೂಲ್ ಬಸ್ ಹತ್ತಿಸುವಷ್ಟರಲ್ಲಿ ಹಾಡು ಬಿಡಿ, ಮಾತೇ ಹೊರಡುವುದಿಲ್ಲ. 2021ರ ಆಲ್ಬಮ್ ಹೆಸರು 'ಆಂಟಿ ಆಂಡ್ ಅಂಕ್', ಅಂದರೆ ಆಂಟಿ ಮತ್ತು ಅಂಕಲ್. ತಮ್ಮ ವಯಸ್ಸಿಗೆ ತಾವೇ ತಮಾಷೆ ಮಾಡಿಕೊಂಡು ಅದನ್ನೇ ಮಾರಿದರು. ನಮ್ಮ ಹೀರೋಗಳು ಅರವತ್ತಾದರೂ ಕಾಲೇಜು ಹುಡುಗ ಆಗಿರುತ್ತಾರೆ.

ಬೇಸ್_ಭಟ್ಟ
ಶುರುವಾದ ಜಾಗದ ಬಗ್ಗೆಯೂ ಹೇಳಬೇಕು. ಫಿಲಡೆಲ್ಫಿಯಾದಲ್ಲಿ ಫೈವ್ ಸ್ಪಾಟ್ ಅಂತ ಒಂದು ಕ್ಲಬ್ ಇತ್ತು. ಅಲ್ಲಿ 'ಬ್ಲ್ಯಾಕ್ ಲಿಲಿ' ಅಂತ ವಾರಕ್ಕೊಂದು ರಾತ್ರಿ ಕಾರ್ಯಕ್ರಮ. ಜ್ಯಾಝಿಫ್ಯಾಟ್‌ನ್ಯಾಸ್ಟೀಸ್ ಅನ್ನುವ ಇಬ್ಬರು ಹೆಣ್ಣುಮಕ್ಕಳ ಗುಂಪು ನಡೆಸುತ್ತಿತ್ತು, ಹಾಡುವ ಹೆಂಗಸರಿಗೆ ಒಂದು ವೇದಿಕೆ ಇರಲಿ ಅಂತ. ಜಿಲ್ ಸ್ಕಾಟ್, ಜಾಗ್ವಾರ್ ರೈಟ್, ಫ್ಲೋಯೆಟ್ರಿ, ಎಲ್ಲರೂ ಅಲ್ಲಿ ಹಾಡಿದವರು. ಕಿಂಡ್ರೆಡ್ ಕೂಡ ಅಲ್ಲಿಂದಲೇ. ದೊಡ್ಡ ಬ್ಯಾಂಡ್ ಕಟ್ಟಿಕೊಂಡು ಬರುತ್ತಿದ್ದರು. ಜಿಲ್ ಸ್ಕಾಟ್ ಮೊದಲ ಆಲ್ಬಮ್ ಬಂದದ್ದು 2000ದಲ್ಲಿ, ಹಿಡನ್ ಬೀಚ್ ಅನ್ನುವ ಸಣ್ಣ ಕಂಪನಿಯಿಂದ. ಇವರಿಗೂ ಅದೇ ಕಂಪನಿ.

ಹಾಗಾಗಿ ಹೋಲಿಸುವುದಾದರೆ ಒಂದು ಮಾತು. 2000ದಲ್ಲಿ ಬಂದವರಿಗೆ ಸಿಡಿ ಮಾರಾಟದ ಕೊನೆಯ ಸುಗ್ಗಿ ಸಿಕ್ಕಿತು. 2003ರ ಹೊತ್ತಿಗೆ ನ್ಯಾಪ್‌ಸ್ಟರ್ ಅನ್ನುವ, ಹಾಡುಗಳನ್ನು ಪುಕ್ಕಟೆ ಹಂಚುವ ಇಂಟರ್ನೆಟ್ ಸೇವೆ ಬಂದು ಹೋಗಿ, ಅಂಗಡಿಗಳು ಮುಚ್ಚುವುದಕ್ಕೆ ಶುರುವಾಗಿತ್ತು. ಸಂಸಾರದ ಹಾಡು ಅಂತ ಸೋತದ್ದಲ್ಲ.

ಮೃದಂಗ_ಮಾವ
ಎಲ್ಲರೂ ಸಾಹಿತ್ಯದ ಬಗ್ಗೆಯೇ ಮಾತಾಡುತ್ತಿದ್ದೀರಿ. ಈ ನಿಯೋ-ಸೋಲ್ ನನ್ನ ಕಿವಿಗೆ ಹಿಡಿಸಿದ್ದು ತಾಳದಿಂದ. ಡ್ರಮ್ಮಿನವನು ಬೇಕಂತಲೇ ಸ್ವಲ್ಪ ಹಿಂದೆ ಬಾರಿಸುತ್ತಾನೆ. ನಮ್ಮಲ್ಲಿ ಅತೀತ, ಅನಾಗತ ಇಲ್ಲವೇ, ಅದೇ.

ಬೇಸ್_ಭಟ್ಟ
@ಮೃದಂಗ_ಮಾವ ಕ್ಷಮಿಸಿ ಮಾವ, ಅದು ಬೇರೆ. ಅನಾಗತ ಅಂದರೆ ಹಾಡು ತಾಳದ ಸಮ, ಅಂದರೆ ಮೊದಲ ಹೊಡೆತ, ಆದ ಮೇಲೆ ಎತ್ತುವುದು, ಅತೀತ ಅಂದರೆ ಮೊದಲೇ ಎತ್ತುವುದು. ಎರಡಕ್ಕೂ ಲೆಕ್ಕ ಇದೆ. ಅರ್ಧ ಅಕ್ಷರ, ಮುಕ್ಕಾಲು ಅಕ್ಷರ ಅಂತ ಬೆರಳಲ್ಲಿ ಎಣಿಸಬಹುದು. ಇಲ್ಲಿ ಎಣಿಸುವ ಹಾಗಿಲ್ಲ. ಹೈ-ಹ್ಯಾಟ್ ಅನ್ನುವ ಲೋಹದ ತಟ್ಟೆಗಳು ನೇರವಾಗಿ ಹೋಗುತ್ತಿರುತ್ತವೆ, ಸ್ನೇರ್ ಅನ್ನುವ ಡ್ರಮ್ ಮಾತ್ರ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ, ಬೇಸ್ ಅದಕ್ಕಿಂತಲೂ ಹಿಂದೆ ಎಳೆದುಕೊಂಡು ಬರುತ್ತದೆ. ಡೆಟ್ರಾಯ್ಟಿನ ಹಿಪ್-ಹಾಪ್ ಸಂಗೀತಗಾರ ಜೆ ಡಿಲ್ಲಾ, ತಾಳ ಕಟ್ಟುವ ಎಂಪಿಸಿ 3000 ಅನ್ನುವ ಯಂತ್ರದಲ್ಲಿ ಬೆರಳಲ್ಲೇ ಬಡಿದು ಇಂಥದ್ದನ್ನು ಮಾಡಿದ. ಅದೇ ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಕ್ವೆಸ್ಟ್‌ಲವ್ ಅನ್ನುವ ಡ್ರಮ್ಮರ್ ಅದನ್ನು ಕೇಳಿ ನಿಜವಾದ ಡ್ರಮ್ಮಿನಲ್ಲಿ ಹಾಗೆ ಬಾರಿಸಲು ಕಲಿತ. ಡಿ'ಏಂಜೆಲೋನ 'ವೂಡೂ', 2000ದ್ದು, ಕೇಳಿ ನೋಡಿ. ಮೊದಲ ಸಲ ಕೇಳಿದಾಗ ಪ್ಲೇಯರ್ ಕೆಟ್ಟಿದೆ ಅನ್ನಿಸುತ್ತದೆ.

ಮೃದಂಗ_ಮಾವ
ಲೆಕ್ಕ ಬರುವುದಿಲ್ಲ ಅಂದವರು ಯಾರು? ನನ್ನ ಗುರುಗಳು ವಿಳಂಬದಲ್ಲಿ ಹೊಡೆತವನ್ನು ಎಳೆದು ಬಿಡುತ್ತಿದ್ದರು, ಅದಕ್ಕೂ ಪುಸ್ತಕದಲ್ಲಿ ಹೆಸರಿರಲಿಲ್ಲ. ಇರಲಿ, ಇನ್ನೊಂದು ದಿನ ಜಗಳ ಆಡೋಣ.

ಟೆನರ್_ಅಕ್ಕ
ಗಂಡ ಹೆಂಡತಿ ವಿಷಯಕ್ಕೆ ಬರೋಣ ಮಾರಾಯ್ರೆ. ಈ ಪಟ್ಟಿ ಶುರುವಾಗುವುದೇ ಆಶ್‌ಫರ್ಡ್ ಮತ್ತು ಸಿಂಪ್ಸನ್ ಅವರಿಂದ. ನಿಕ್ ಆಶ್‌ಫರ್ಡ್, ವ್ಯಾಲರಿ ಸಿಂಪ್ಸನ್. ಹಾರ್ಲೆಮ್‌ನ ಒಂದು ಚರ್ಚಿನಲ್ಲಿ 1964ರಲ್ಲಿ ಪರಿಚಯ. ಮದುವೆ ಆದದ್ದು 1974ರಲ್ಲಿ. ಹತ್ತು ವರ್ಷ ಸುಮ್ನೆ ಪಕ್ಕದಲ್ಲಿ ಕೂತು ಹಾಡು ಬರೆದರು! ಅವನು ಪದ, ಅವಳು ಪಿಯಾನೋ.

ಈಗ ತಮಾಷೆ ನೋಡಿ. 'ಏಯ್ನ್ಟ್ ನೋ ಮೌಂಟನ್ ಹೈ ಎನಫ್', 1967, ಮಾರ್ವಿನ್ ಗೇ ಮತ್ತು ಟ್ಯಾಮಿ ಟೆರೆಲ್ ಹಾಡಿದ್ದು. ಜಗತ್ತೇ ಇವರಿಬ್ಬರನ್ನು ಪ್ರೇಮಿಗಳು ಅಂದುಕೊಂಡಿತು. ಮಾರ್ವಿನ್‌ಗೆ ಆಗಲೇ ಮದುವೆಯಾಗಿತ್ತು, ಅವರ ರೆಕಾರ್ಡ್ ಕಂಪನಿ ಯಜಮಾನನ ಅಕ್ಕನ ಜೊತೆ. ಆ ಹಾಡನ್ನು ಇಬ್ಬರೂ ಒಟ್ಟಿಗೆ ನಿಂತು ಕೂಡ ಹಾಡಲಿಲ್ಲ, ಟ್ಯಾಮಿ ಮೊದಲು ಹಾಡಿದಳು, ಮಾರ್ವಿನ್ ಆಮೇಲೆ ಸೇರಿಸಿದ. ಹಾಡಿದವರು ಜೋಡಿ ಅಲ್ಲ, ಬರೆದವರು ಜೋಡಿ. ಹಾಗಾಗಿ ಮದುವೆಯಾದರೆ ಹಾಡು ಚೆನ್ನಾಗಿ ಬರುತ್ತದೆ ಅನ್ನುವುದೂ ಸುಳ್ಳು, ಕೆಡುತ್ತದೆ ಅನ್ನುವುದೂ ಸುಳ್ಳು.

ಹಳೆ_ಕ್ಯಾಸೆಟ್
@ಟೆನರ್_ಅಕ್ಕ ಟ್ಯಾಮಿಗೆ ಆಮೇಲೆ ಹುಷಾರಿಲ್ಲದಾಗ ವ್ಯಾಲರಿಯೇ ಅವಳ ಬದಲು ಹಾಡಿದಳು ಅಂತಾರಲ್ಲ?

ಟೆನರ್_ಅಕ್ಕ
ಹಾಗಂತ ಮಾರ್ವಿನ್ ಹೇಳಿದ್ದು. 1969ರ 'ಈಝಿ' ಆಲ್ಬಮ್ ವಿಷಯ. ವ್ಯಾಲರಿ ಅದನ್ನು ಒಪ್ಪುವುದಿಲ್ಲ. ದಾರಿ ತೋರಿಸಲು ಟ್ರ್ಯಾಕ್ ಹಾಡಿಕೊಟ್ಟೆ, ಟ್ಯಾಮಿ ಅದನ್ನು ಕೇಳಿ ತಾನೇ ಹಾಡಿದಳು ಅನ್ನುತ್ತಾರೆ. ಟ್ಯಾಮಿ 1970ರಲ್ಲಿ ಹೋಗಿಬಿಟ್ಟಳು, ವಯಸ್ಸು 24. ನನಗೆ ವ್ಯಾಲರಿ ಮಾತೇ ನಂಬಿಕೆ.

ಗಾಸಿಪ್_ಗೋಪಿ
ಜೋಡಿ ಅಂದರೆ ವೊಮ್ಯಾಕ್ ಆಂಡ್ ವೊಮ್ಯಾಕ್! 'ಟಿಯರ್‌ಡ್ರಾಪ್ಸ್', 1988. ಸೆಸಿಲ್ ವೊಮ್ಯಾಕ್ ಮತ್ತು ಲಿಂಡಾ. ಲಿಂಡಾ ಯಾರು ಗೊತ್ತಾ, ಹೆಸರಾಂತ ಸೋಲ್ ಗಾಯಕ ಸ್ಯಾಮ್ ಕುಕ್ ಮಗಳು. ಸೆಸಿಲ್ ಯಾರು, ಇನ್ನೊಬ್ಬ ಸೋಲ್ ಗಾಯಕ ಬಾಬಿ ವೊಮ್ಯಾಕ್ ತಮ್ಮ. ಈಗ ಸ್ವಲ್ಪ ಗಟ್ಟಿಯಾಗಿ ಕೂತುಕೊಳ್ಳಿ. ಸ್ಯಾಮ್ ಕುಕ್ 1964ರ ಡಿಸೆಂಬರಿನಲ್ಲಿ ಗುಂಡೇಟಿನಿಂದ ಸತ್ತ. ಕೆಲವೇ ತಿಂಗಳಲ್ಲಿ ಅವನ ಹೆಂಡತಿಯನ್ನು ಬಾಬಿ ಮದುವೆಯಾದ. ಆಮೇಲೆ ಅವಳ ಮಗಳನ್ನು ಬಾಬಿಯ ತಮ್ಮ ಮದುವೆಯಾದ. ಅಂದರೆ ಲಿಂಡಾಗೆ ಮಲತಂದೆಯೇ ಭಾವ.

ಸುಮ್ನೆ_ಓದೋನು
ಇದಕ್ಕೆ ವಂಶವೃಕ್ಷ ಬರೆದರೆ ಕಾಗದ ಸಾಲುವುದಿಲ್ಲ.

ಜರ್ಸಿ_ಗೌಡ್ತಿ
@ಗಾಸಿಪ್_ಗೋಪಿ ಧಾರಾವಾಹಿ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬೇಡ.

ಬೇಸ್_ಭಟ್ಟ
ಗೋಪಿ ಹೇಳಿದ್ದರಲ್ಲಿ ಮುಖ್ಯವಾದದ್ದು ಬಿಟ್ಟುಹೋಯಿತು. ಆ ಜೋಡಿಯ 1983ರ ಆಲ್ಬಮ್ ಹೆಸರೇ 'ಲವ್ ವಾರ್ಸ್'. ಗಂಡ ಹೆಂಡತಿ ಜಗಳವನ್ನೇ ಸರಕು ಮಾಡಿಕೊಂಡರು. ಅದು ನಿಯೋ-ಸೋಲ್ ಅಲ್ಲ, ಆ ಹೆಸರು ಬಂದದ್ದೇ 90ರ ದಶಕದಲ್ಲಿ, ಎರಿಕಾ ಬಾಡು ರೆಕಾರ್ಡುಗಳ ಹಿಂದಿದ್ದ ಕೆಡಾರ್ ಮ್ಯಾಸೆನ್‌ಬರ್ಗ್ ಮಾರಾಟಕ್ಕೆ ಅಂತ ಚಾಲ್ತಿಗೆ ತಂದದ್ದು. ಆದರೂ ಕಿಂಡ್ರೆಡ್ ಮನೆತನ ಹುಡುಕಿದರೆ ಒಂದು ಕಡೆ ಆಶ್‌ಫರ್ಡ್-ಸಿಂಪ್ಸನ್, ಇನ್ನೊಂದು ಕಡೆ ಇವರು.

ಮಲ್ಲಿಗೆ_ಮೊಳ
ಇಷ್ಟೆಲ್ಲ ದೂರ ಯಾಕೆ ಹೋಗುತ್ತೀರಿ? ಸಂಸಾರದ ಹಾಡು ಬೋರು ಅನ್ನುವವರು ಕೆ.ಎಸ್.ನ. ಓದಲಿ. 'ಮೈಸೂರು ಮಲ್ಲಿಗೆ' 1942ರಲ್ಲೇ ಬಂತು. ತವರಿಗೆ ಹೋದ ಹೆಂಡತಿ, ಬಳೆಗಾರ, ಮಾವನ ಮನೆ, ಎಲ್ಲ ಮದುವೆಯಾದ ಮೇಲಿನದ್ದೇ. ಅಶ್ವತ್ಥ್, ಅನಂತಸ್ವಾಮಿ ಕಾಲದಿಂದ ಇವತ್ತಿನವರೆಗೂ ಊರೂರಲ್ಲಿ ಹಾಡುತ್ತಿದ್ದಾರೆ. ನಮಗೆ ದಾಂಪತ್ಯ ಗೀತೆ ಹೊಸದಲ್ಲ.

ಟೆನರ್_ಅಕ್ಕ
@ಮಲ್ಲಿಗೆ_ಮೊಳ ಅದು ನನಗೂ ಪ್ರಾಣ. ಆದರೆ ಅಲ್ಲಿ ಗಂಡನ ಮಾತನ್ನೂ ಹೆಂಡತಿಯ ಮಾತನ್ನೂ ಬರೆದವರು ಗಂಡಸರೊಬ್ಬರೇ. ಅವಳು ಯಾವಾಗ ಮುನಿಸಿಕೊಳ್ಳಬೇಕು, ಎಷ್ಟು ಹೊತ್ತಿಗೆ ನಗಬೇಕು ಅನ್ನುವುದು ಕವಿಯ ಕೈಯಲ್ಲಿದೆ. ಕಿಂಡ್ರೆಡ್‌ನಲ್ಲಿ ಏಜಾ ತನ್ನ ಸಾಲು ತಾನೇ ಬರೆಯುತ್ತಾಳೆ. 2005ರ 'ಇನ್ ದಿಸ್ ಲೈಫ್ ಟುಗೆದರ್' ಆಲ್ಬಮ್‌ನಲ್ಲಿ 'ವುಮನ್ ಫಸ್ಟ್' ಅಂತ ಇದೆ. ಹೆಂಡತಿ, ತಾಯಿ ಅನ್ನುವುದಕ್ಕೆ ಮೊದಲು ನಾನೊಬ್ಬಳು ಹೆಣ್ಣು ಅನ್ನುವ ಮಾತು, ಪಕ್ಕದಲ್ಲಿ ಗಂಡ ನಿಂತಿರುವಾಗಲೇ. ಅದನ್ನು ಅವಳ ಪರವಾಗಿ ಬೇರೆಯವರು ಹೇಳಿದ್ದರೆ ಉಪದೇಶ ಆಗುತ್ತಿತ್ತು.

ಮಲ್ಲಿಗೆ_ಮೊಳ
1942ರ ಕವಿಯನ್ನು 2005ರ ತಕ್ಕಡಿಯಲ್ಲಿ ತೂಗಬೇಡಿ ಅಕ್ಕ.

ಟೆನರ್_ಅಕ್ಕ
ತೂಗಲಿಲ್ಲ. ಬೇರೆ ಅಂದೆ ಅಷ್ಟೇ. ಹಾಡಿನ ಕಟ್ಟುವಿಕೆಯಲ್ಲೂ ಅದು ಕೇಳಿಸುತ್ತದೆ. ನಮ್ಮ ಸಿನಿಮಾ ಯುಗಳಗೀತೆಯಲ್ಲಿ ಅವನದೊಂದು ಚರಣ, ಅವಳದೊಂದು ಚರಣ, ಕೊನೆಗೆ ಇಬ್ಬರೂ ಪಲ್ಲವಿ. ಅಚ್ಚುಕಟ್ಟು. ಇವರಲ್ಲಿ ಒಬ್ಬರು ಹಾಡುತ್ತಿರುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುತ್ತಾರೆ, 'ಹೌದು ಹೌದು' ಅನ್ನುವ ಹಾಗೆ, ಕೆಲವು ಸಲ 'ಹಾಗೇನಿಲ್ಲ' ಅನ್ನುವ ಹಾಗೆ. ಇದು ಚರ್ಚಿನಿಂದ ಬಂದ ರೂಢಿ, ಪಾದ್ರಿ ಒಂದು ಮಾತು ಅಂದರೆ ಜನ ಉತ್ತರ ಕೊಡುತ್ತಾರೆ. ಗಂಡ ಹೆಂಡತಿ ಬಾಯಲ್ಲಿ ಅದು ಊಟದ ಮನೆಯ ಮಾತಾಗುತ್ತದೆ.

ಆರ್ಕೆಸ್ಟ್ರಾ_ಮಗಳು
ನಾನು ಇಲ್ಲಿ ಬರೆಯುವುದು ಕಡಿಮೆ. ನಿಯೋ-ಸೋಲ್ ಬಗ್ಗೆ ಜಾಸ್ತಿ ಗೊತ್ತಿಲ್ಲ, ಆದರೆ ಗಂಡ ಹೆಂಡತಿ ಒಟ್ಟಿಗೆ ಹಾಡುವುದು ಗೊತ್ತು. ನಮ್ಮ ಅಪ್ಪ ಅಮ್ಮ ದಾವಣಗೆರೆ ಕಡೆ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರು. ಗಣೇಶನ ಹಬ್ಬ, ಊರ ಜಾತ್ರೆ, ಮದುವೆ ಆರತಕ್ಷತೆ. ಜನ ಅವರನ್ನು ಕರೆಯುತ್ತಿದ್ದದ್ದೇ 'ನಿಜವಾದ ಜೋಡಿ' ಅಂತ, ಅದಕ್ಕೊಂದು ಬೆಲೆ ಇತ್ತು. ನಿರೂಪಕ ಮೈಕಿನಲ್ಲಿ ಅದನ್ನೇ ಮೂರು ಸಲ ಹೇಳುತ್ತಿದ್ದ, ಶಿಳ್ಳೆ ಬೀಳುತ್ತಿತ್ತು.

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆ ಹಿಂದೆ ದುಡ್ಡಿನ ಕವರ್ ಕೊಡುತ್ತಿದ್ದರು. ಕೀಬೋರ್ಡಿನವರಿಗೆ ಒಂದು, ಪ್ಯಾಡಿನವರಿಗೆ ಒಂದು, ಉಳಿದ ಗಾಯಕಿಗೆ ಒಂದು. ಅಪ್ಪ ಅಮ್ಮನಿಗೆ ಸೇರಿ ಒಂದೇ ಕವರ್. ಅದು ಅಪ್ಪನ ಕೈಗೆ. ಒಳಗೆ ಎರಡು ಜನರ ದುಡ್ಡು ಇರುತ್ತಿರಲಿಲ್ಲ, ಒಂದೂವರೆ ಇರುತ್ತಿತ್ತು. ಮನೆಯವರೇ ತಾನೇ, ಒಂದೇ ರೂಮು, ಒಂದೇ ಬಸ್ ಚಾರ್ಜು ಅಂತ ವ್ಯವಸ್ಥಾಪಕರ ಲೆಕ್ಕ. ಒಂದು ಸಲ ಅಮ್ಮ ಸೀರೆ ಪಿನ್ ಬಾಯಲ್ಲಿ ಕಚ್ಚಿಕೊಂಡೇ ಕೇಳಿದಳು, 'ನಂದೆಲ್ಲಿ ಸರ್?' ಅಂತ. ಅವರು ನಕ್ಕು ಅಪ್ಪನ ಕಡೆ ಕೈ ತೋರಿಸಿದರು. ಅಪ್ಪನೂ ನಕ್ಕರು. ಅವತ್ತು ರಾತ್ರಿ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದು ನನಗೆ ನೆನಪಿದೆ. ಮಾರನೇ ದಿನ ಇನ್ನೊಂದು ಊರಲ್ಲಿ ಮತ್ತೆ ಕೈ ಹಿಡಿದು ಯುಗಳಗೀತೆ.

ಅದಕ್ಕೇ ನಾನು ಕೇಳುವುದು ಒಂದೇ. ಈ ಕಿಂಡ್ರೆಡ್‌ನವರ ಹಾಡಿಗೆ ಹೆಸರು ಯಾರದು ಇರುತ್ತದೆ? ದುಡ್ಡು ಯಾರಿಗೆ ಹೋಗುತ್ತದೆ?

ಬೇಸ್_ಭಟ್ಟ
@ಆರ್ಕೆಸ್ಟ್ರಾ_ಮಗಳು ಇಡೀ ಚರ್ಚೆಯಲ್ಲಿ ಇದೇ ಸರಿಯಾದ ಪ್ರಶ್ನೆ. ಹಾಡು ಬರೆದವರು ಅಂತ ಇಬ್ಬರ ಹೆಸರೂ ಇರುತ್ತದೆ. ಆಶ್‌ಫರ್ಡ್-ಸಿಂಪ್ಸನ್‌ದೂ ಹಾಗೇ, ಮದುವೆಗೆ ಮೊದಲೇ. ಅಮೆರಿಕದಲ್ಲಿ ಬರೆದವರ ಹಕ್ಕಿನ ದುಡ್ಡನ್ನು ಆಸ್‌ಕ್ಯಾಪ್, ಬಿಎಂಐ ಥರದ ಸಂಸ್ಥೆಗಳು ವಸೂಲಿ ಮಾಡಿ ಪ್ರತಿಯೊಬ್ಬ ಬರೆದವರಿಗೂ ಅವರವರ ಪಾಲು ಬೇರೆಯಾಗಿ ಕಳಿಸುತ್ತವೆ. ಗಂಡನ ಕವರಿಗೆ ಹಾಕುವುದಿಲ್ಲ. ನಮ್ಮಲ್ಲೂ ಐಪಿಆರ್‌ಎಸ್ ಅನ್ನುವ ಅಂಥದೇ ಸಂಸ್ಥೆ ಇದೆ, ಬರೆದವರು, ರಾಗ ಹಾಕಿದವರು ಬೇರೆ ಬೇರೆ ಸದಸ್ಯರಾಗಬಹುದು. ಆದರೆ ನಿಮ್ಮ ಅಮ್ಮ ಬೇರೆಯವರ ಹಾಡು ಹಾಡುತ್ತಿದ್ದರು, ಅಲ್ಲಿ ಈ ದಾರಿಯೂ ಇರಲಿಲ್ಲ. ಕವರ್ ಮಾತ್ರ.

ಗಾಸಿಪ್_ಗೋಪಿ
ದುಡ್ಡಿನ ವಿಷಯ ಬಂತು ಅಂತ ಹೇಳುತ್ತೇನೆ. ಮಾರ್ವಿನ್ ಗೇ ವಿಚ್ಛೇದನದಲ್ಲಿ ಮುಂದಿನ ಆಲ್ಬಮ್ ರಾಯಲ್ಟಿಯ ಅರ್ಧ ಹೆಂಡತಿಗೆ ಅಂತ ಒಪ್ಪಂದ ಆಯಿತು. ಅವನು ಆ ಆಲ್ಬಮ್ ಪೂರ್ತಿ ಅವಳ ಬಗ್ಗೆ, ಆ ಮದುವೆ ಮುರಿದದ್ದರ ಬಗ್ಗೆಯೇ ಮಾಡಿದ. 'ಹಿಯರ್, ಮೈ ಡಿಯರ್', 1978. ತಗೋ ನಿನ್ನ ಪಾಲು ಅನ್ನುವ ಹಾಗೆ.

ಹಳೆ_ಕ್ಯಾಸೆಟ್
@ಗಾಸಿಪ್_ಗೋಪಿ ನನ್ನ ಗೆಳೆಯನಿಗೆ ಇದು ಇಷ್ಟ ಆಗುತ್ತದೆ. ಅವನಿಗೆ ಹೇಳುವುದಿಲ್ಲ.

@ಆರ್ಕೆಸ್ಟ್ರಾ_ಮಗಳು ಅಮ್ಮ ಈಗಲೂ ಹಾಡುತ್ತಾರಾ?

ಆರ್ಕೆಸ್ಟ್ರಾ_ಮಗಳು
ಹಾಡುತ್ತಾಳೆ. ಭಜನಾ ಮಂಡಳಿಯಲ್ಲಿ. ಅಲ್ಲಿ ಯಾರಿಗೂ ಕವರ್ ಇಲ್ಲ, ಆದ್ದರಿಂದ ಜಗಳ ಇಲ್ಲ. ಅಪ್ಪ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾರೆ.

ಎರಡು_ಮೈಕ್
ನಾವಿಬ್ಬರೂ ಬೆಂಗಳೂರಿನ ಬಾಡಿಗೆ ಮನೆಯ ಸಣ್ಣ ರೂಮಿನಲ್ಲಿ ಇದನ್ನೇ ಮಾಡಲು ಹೊರಟವರು. ನಾನು ಕೀಬೋರ್ಡು, ಅವಳು ಹಾಡು, ಕನ್ನಡದಲ್ಲೇ. ಒಂದು ವ್ಯಾವಹಾರಿಕ ಸಮಸ್ಯೆ ಹೇಳುತ್ತೇನೆ. ಇಬ್ಬರೂ ಎದುರುಬದುರು ನಿಂತು ಹಾಡಿದರೆ ಭಾವ ಚೆನ್ನಾಗಿ ಬರುತ್ತದೆ, ಆದರೆ ಅವಳ ಧ್ವನಿ ನನ್ನ ಮೈಕಿಗೂ ನನ್ನದು ಅವಳ ಮೈಕಿಗೂ ಸೋರುತ್ತದೆ. ಒಬ್ಬರು ತಪ್ಪಿದರೆ ಇಬ್ಬರೂ ಮತ್ತೆ ಹಾಡಬೇಕು. ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದರೆ ಶುದ್ಧವಾಗಿ ಬರುತ್ತದೆ, ಆದರೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿರುವ ಹಾಗೆ ಕೇಳಿಸುತ್ತದೆ. ಯಾರಾದರೂ ದಾರಿ ಹೇಳಿ.

ಇನ್ನೊಂದು ಸಮಸ್ಯೆಗೆ ದಾರಿ ಇಲ್ಲ ಅಂತ ಗೊತ್ತು. 'ಇನ್ನೊಂದು ಟೇಕ್' ಅನ್ನುವುದು ಯಾವಾಗಲೂ ನಾನು, 'ಸಾಕು' ಅನ್ನುವುದು ಯಾವಾಗಲೂ ಅವಳು. ಬ್ಯಾಂಡ್‌ನಲ್ಲಿ ಬೇರೆಯವರಿಗೆ ಹೇಳಿದರೆ ಅದು ಕೆಲಸ. ಹೆಂಡತಿಗೆ ಹೇಳಿದರೆ ಅಡುಗೆಗೆ ಉಪ್ಪು ಕಡಿಮೆ ಅಂದ ಹಾಗೆ.

ಬೇಸ್_ಭಟ್ಟ
@ಎರಡು_ಮೈಕ್ ಕಾರ್ಡಿಯಾಯ್ಡ್ ಮೈಕ್ ಇದೆಯಾ? ಅದು ಮುಂದಿನಿಂದ ಜಾಸ್ತಿ ಹಿಡಿಯುತ್ತದೆ, ಬೆನ್ನ ಕಡೆಯಿಂದ ಬಹಳ ಕಡಿಮೆ. ಎದುರುಬದುರೇ ನಿಲ್ಲಿ, ಆದರೆ ಒಬ್ಬೊಬ್ಬರ ಮೈಕಿನ ಬೆನ್ನು ಇನ್ನೊಬ್ಬರ ಬಾಯಿಗೆ ಬರುವ ಹಾಗೆ ಇಡಿ. ಮೈಕಿಗೆ ಹತ್ತಿರ ನಿಂತು ಹಾಡಿ. ಹಿಂದಿನ ಗೋಡೆಗೆ ದಪ್ಪ ರಗ್ಗು ಅಥವಾ ಹಾಸಿಗೆ ಒರಗಿಸಿ, ಇಲ್ಲದಿದ್ದರೆ ಧ್ವನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಸ್ವಲ್ಪ ಸೋರಿದರೂ ಪರವಾಗಿಲ್ಲ, ಇಬ್ಬರನ್ನೂ ಒಂದೇ ಜಾಗದಲ್ಲಿ ಮಿಕ್ಸ್ ಮಾಡಿದರೆ ಅದೇ ಚೆಂದ.

ಟೆನರ್_ಅಕ್ಕ
ನನ್ನ ಸಲಹೆ: 'ಸಾಕು' ಅನ್ನುವ ಅಧಿಕಾರ ಅವರಿಗೆ ಬರೆದುಕೊಡಿ. ಹಾಡುವವರು ಅವರು, ಗಂಟಲು ಅವರದು.

ಎರಡು_ಮೈಕ್
@ಟೆನರ್_ಅಕ್ಕ ಅವಳು ಹಿಂದೆ ನಿಂತು ಓದುತ್ತಿದ್ದಾಳೆ. ಸ್ಕ್ರೀನ್‌ಶಾಟ್ ತೆಗೆದುಕೊಂಡಳು.

ದಾರಿ_ತಪ್ಪಿದವ
ಟೆಡೆಸ್ಕಿ ಟ್ರಕ್ಸ್ ಬ್ಯಾಂಡ್ ಯಾರೂ ಹೇಳಲಿಲ್ಲವಲ್ಲ? ಸೂಸನ್ ಟೆಡೆಸ್ಕಿ, ಡೆರೆಕ್ ಟ್ರಕ್ಸ್. 2001ರಲ್ಲಿ ಮದುವೆ, 2010ರಲ್ಲಿ ಒಂದೇ ಬ್ಯಾಂಡ್. ಅಂದರೆ ಹತ್ತಿರ ಹತ್ತಿರ ಹತ್ತು ವರ್ಷ ಬೇರೆ ಬೇರೆ ಬಸ್ಸಿನಲ್ಲಿ ಊರು ಸುತ್ತಿ, ಆಮೇಲೆ ಸೇರಿದರು. ಡೆರೆಕ್ ಸ್ಲೈಡ್ ಗಿಟಾರ್ ಕೇಳಿ, ಅಲಿ ಅಕ್ಬರ್ ಖಾನ್ ಸರೋದ್ ಕೇಳಿ ಬೆಳೆದದ್ದು ಗೊತ್ತಾಗುತ್ತದೆ, ಅವನೇ ಹೇಳಿಕೊಂಡಿದ್ದಾನೆ.

ಬೇಸ್_ಭಟ್ಟ
ಅದು ಬ್ಲೂಸ್ ರಾಕ್. ನಿಯೋ-ಸೋಲ್ ಅಲ್ಲ.

ದಾರಿ_ತಪ್ಪಿದವ
ನನ್ನ ಹೆಸರು ನೋಡಿ ಸ್ವಾಮಿ.

ಮೃದಂಗ_ಮಾವ
ಅಲಿ ಅಕ್ಬರ್ ಖಾನ್ ಅಂದಿರಿ. ಅವರ ಆಲಾಪದಲ್ಲಿ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಎಳೆಯುವುದನ್ನು ಕೇಳಿದರೆ ಸಾಕು, ಯಾರ ಯಂತ್ರವೂ ಬೇಡ.

ಹಳೆ_ಕ್ಯಾಸೆಟ್
ಗೆಳೆಯನಿಗೆ ಈ ಇಡೀ ಚರ್ಚೆ ಕಳಿಸಿದೆ. ಅವನ ಉತ್ತರ: 'ಆಯ್ತು, ಒಂದೇ ಒಂದು ಹಾಡು ಹೇಳು, ಕೇಳುತ್ತೇನೆ.' ಯಾವುದು ಕಳಿಸಲಿ? 'ಫಾರ್ ಅವೇ' ಆಗಲೇ ಕೇಳಿ ನಕ್ಕಿದ್ದಾನೆ.

ಜರ್ಸಿ_ಗೌಡ್ತಿ
'ಸ್ಟಾರ್ಸ್'. ಮೊದಲ ಆಲ್ಬಮ್‌ದೇ. ಕಾರಿನಲ್ಲಿ ಕೇಳಲು ಹೇಳಿ, ಫೋನ್ ಸ್ಪೀಕರ್‌ನಲ್ಲಿ ಬೇಡ, ಬೇಸ್ ಕೇಳಿಸುವುದಿಲ್ಲ.

ಟೆನರ್_ಅಕ್ಕ
'ವೇರ್ ವುಡ್ ಐ ಬಿ', 2005ರದ್ದು. ಮತ್ತೆ ಒಬ್ಬನೇ ಕೇಳದೆ ಹೆಂಡತಿ ಜೊತೆ ಕೇಳಲಿ.

ಸುಮ್ನೆ_ಓದೋನು
ಅವರ ಹೆಂಡತಿಗೇ ನೇರ ಕಳಿಸಿ. ಬೇಗ ಕೆಲಸ ಆಗುತ್ತದೆ.